ಇನ್ನೂರು ದನಿಯ ಡಬ್ಬ

ಒಗಾಡಾನಿಗೆ ಐವತ್ತೊಂದು ವರ್ಷ. ಅದರಲ್ಲಿ ಮೂವತ್ತು ವರ್ಷ ಗಿಟಾರ್ ನುಡಿಸಿದ್ದಾನೆ, ಉಳಿದದ್ದನ್ನು ಜಗಳವಾಡುತ್ತ ಕಳೆದಿದ್ದಾನೆ. ಇದು ಅವನ ಹೆಂಡತಿ ಅಕುಮು ಹೇಳುವ ಮಾತಲ್ಲ, ಅವನೇ ಹೇಳಿಕೊಳ್ಳುವುದು. ಡಬ್ಬದ ಕತೆಯೂ ಅಷ್ಟೇ. ಅವನ ಊರು ಕಿಸುಮುವಿನಲ್ಲಿ ಬೇರೆ ಯಾರಾದರೂ ಆ ಕತೆಗೆ ಬಾಯಿ ತೆರೆಯುವ ಮೊದಲೇ ತಾನೇ ಹೇಳಿ ಮುಗಿಸುತ್ತಾನೆ. ಬೇರೆಯವರು ಹೇಳಿದರೆ ತನಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ಇನ್ನೊಂದು ಕತೆ ಹುಟ್ಟುತ್ತದೆ ಎಂಬುದು ಅವನಿಗೆ ಗೊತ್ತು.

ಶುರುವಾದದ್ದು ಅವನ ಆಂಪ್ಲಿಫೈಯರ್ ಸತ್ತ ದಿನ. ಒಂದು ಮದುವೆಯಲ್ಲಿ, ಹುಡುಗಿಯ ಕಡೆಯವರು ಕುಣಿಯಲು ಎದ್ದ ಹೊತ್ತಿಗೆ ಸರಿಯಾಗಿ, ಮುದುಕನ ಕೆಮ್ಮಿನ ಹಾಗೆ ಎರಡು ಸಲ ಸದ್ದು ಮಾಡಿ, ಹೊಗೆ ಬಿಟ್ಟು ಸುಮ್ಮನಾಯಿತು. ಇಪ್ಪತ್ತೆರಡು ವರ್ಷ ಜೊತೆಗಿದ್ದ ಪೆಟ್ಟಿಗೆ. ರಿಪೇರಿಯವನು ಹಿಂಬದಿ ಬಿಚ್ಚಿ ನೋಡಿ, ಹಾಗೇ ಮತ್ತೆ ಮುಚ್ಚಿಬಿಟ್ಟ.

ತಂಡದ ಯಜಮಾನ, ಹಾಡುಗಾರ ಒಬಿಯೆರೊ ಮಾರನೆಯ ದಿನವೇ ಮನೆಗೆ ಬಂದ. ಅಸೆಂಬೊ ಹಳ್ಳಿಯ ಶಾಲೆಯಲ್ಲಿ ಇಬ್ಬರೂ ಒಂದೇ ಬೆಂಚಿನವರು. ಆದ್ದರಿಂದ ಒಬಿಯೆರೊ ಸುತ್ತು ಬಳಸದೆ ಮಾತಾಡುತ್ತಿದ್ದ.

“ಕೆರೆದಂಡೆ ಹೋಟೆಲು ನಡೆಸೋ ಅಡೆರಾನ ಅಮ್ಮ ಗೊತ್ತಲ್ಲ? ವರ್ಷಪೂರ್ತಿ ಪ್ರತಿ ಭಾನುವಾರ ಊಟದ ಹೊತ್ತಿಂದ ಸಾಯಂಕಾಲದವರೆಗೆ ಒಂದು ತಂಡ ಬೇಕಂತೆ. ಹದಿನೈದು ದಿನ ಬಿಟ್ಟು ನಮ್ಮ ಹಾಡು ಕೇಳಿ ನೋಡ್ತಾಳೆ.”

“ನೋಡ್ಲಿ. ನನಗೇನು ಭಯಾನಾ?”

“ಅಲ್ಲಿ ಆಂಪು ಗೀಂಪು ಏನೂ ಇಲ್ಲ. ಎಲ್ಲಾ ನೇರ ಸ್ಪೀಕರಿನ ಮಿಕ್ಸರಿಗೇ. ಬರಿ ಗಿಟಾರನ್ನ ಅದಕ್ಕೆ ಸಿಕ್ಕಿಸಿದ್ರೆ ತಗಡಿನ ಡಬ್ಬೀಲಿ ಜಿರಲೆ ಓಡಾಡ್ದಂಗೆ ಕೇಳ್ಸುತ್ತೆ. ನೀನೊಂದು ಪ್ರೊಸೆಸರ್ ತಗೋಬೇಕು ಕಣೋ. ಅದೇ, ಕಾಲಲ್ಲಿ ಒತ್ತೋ ಡಬ್ಬ. ಅದರೊಳಗೇ ಆಂಪಿನ ದನಿ ಇರುತ್ತೆ.”

“ಇಲ್ದಿದ್ರೆ?”

ಒಬಿಯೆರೊ ಅಂಗಳದ ಕೋಳಿಗಳ ಕಡೆ ನೋಡಿದ. “ಮಿಗೋಟ್ ಹತ್ರ ಅವನದೇ ಡಬ್ಬ ಇದೆ.”

ಒಗಾಡಾನ ಮೈ ಉರಿಯಿತು. ಮಿಗೋಟ್ ಬಿಳಿ ಬೂಟು ಹಾಕಿಕೊಂಡು ಗಿಟಾರ್ ನುಡಿಸುವವನು, ನುಡಿಸುವಾಗ ನಗುವವನು. ಮುಂದೆ ನಿಂತು ಗಿಟಾರ್ ನುಡಿಸುವ ಜಾಗ ಮೂವತ್ತು ವರ್ಷದಿಂದ ಒಗಾಡಾನದು. ಆ ಜಾಗದಲ್ಲಿ ಬಿಳಿ ಬೂಟು ನಿಲ್ಲುವುದೆಂದರೆ ತನ್ನ ಮಂಚದಲ್ಲಿ ಬೇರೆಯವನು ಮಲಗಿದ ಹಾಗೆ.

“ಇನ್ನೊಂದು ಮಾತು,” ಎಂದ ಒಬಿಯೆರೊ ಎದ್ದು ನಿಂತು. “ಅಡೆರಾನ ಅಮ್ಮ ಹೇಳಿದ್ದು ಇದು: ನನ್ನ ಗಿರಾಕಿಗಳು ಹಾಡು ಕೇಳೋಕೆ ಬರಲ್ಲ, ತಮ್ಮನ್ನ ತಾವು ಹೊಗಳ್ಕೊಳ್ಳೋಕೆ ಬರ್ತಾರೆ. ಅವರು ಬಾಯಿ ತೆರೆದಾಗ ನಿಮ್ಮ ತಂಡದ ಬಾಯಿ ಮುಚ್ಚಿರಬೇಕು.”

“ಅದನ್ನ ನನಗೆ ಹೇಳಿಕೊಡ್ತೀಯಾ?”

ಹೇಳಿಕೊಡಬೇಕಾಗಿರಲಿಲ್ಲ ನಿಜ. ಅವರು ನುಡಿಸುವ ಬೆಂಗಾ ಎಂಬ ಗಿಟಾರ್ ಕುಣಿತದ ಹಾಡಿನ ನಡುವೆ ಯಾರು ಬೇಕಾದರೂ ಕೈ ಎತ್ತಿ “ನಿಲ್ಲಿಸಿ!” ಎನ್ನಬಹುದು. ಆಗ ವಾದ್ಯಗಳೆಲ್ಲ ಒಂದೇ ಏಟಿಗೆ ನಿಲ್ಲಬೇಕು. ಎದ್ದವನು ಮೈಕಿನ ಮುಂದೆ ಬಂದು ತನ್ನ ಹೆಸರು, ತನ್ನ ಪ್ರತಾಪ, ತನ್ನ ಅತ್ತೆಮನೆಯ ದೊಡ್ಡಸ್ತಿಕೆ ಎಲ್ಲ ಹೇಳಿಕೊಂಡು “ನುಡಿಸಿ!” ಎಂದಾಗ ಗಿಟಾರು ಬಿಟ್ಟ ಜಾಗದಿಂದಲೇ ಜಿಗಿಯಬೇಕು. ಒಗಾಡಾನಿಗಿಂತ ಬೇಗ ಬೆರಳೋಡಿಸುವವರು ಕಿಸುಮುವಿನಲ್ಲಿ ಹತ್ತು ಜನರಿದ್ದರು. ಆದರೆ ಅವನ ಹಾಗೆ ನಿಲ್ಲಿಸುವವರು ಒಬ್ಬರೂ ಇರಲಿಲ್ಲ. ಚಾಕುವಿನಿಂದ ಕೊಯ್ದ ಹಾಗೆ ನಿಲ್ಲಿಸುತ್ತಿದ್ದ. ಬೆಂಗಾದಲ್ಲಿ ನುಡಿಸುವುದಕ್ಕಿಂತ ನಿಲ್ಲಿಸುವುದು ದೊಡ್ಡ ವಿದ್ಯೆ ಎಂದು ಅವನೇ ಹೋದಲ್ಲೆಲ್ಲ ಭಾಷಣ ಮಾಡುತ್ತಿದ್ದ. ಆ ಭಾಷಣ ಕೇಳಿಸಿಕೊಳ್ಳದೆ ಇದ್ದವನು ಅವನೊಬ್ಬನೇ ಎಂಬುದು ಆಮೇಲೆ ಗೊತ್ತಾಯಿತು.

ವಾದ್ಯಗಳ ಅಂಗಡಿ ನಡೆಸುವವಳು ನ್ಯೇರಿ ಕಡೆಯ ವಂಗೆಚಿ ಎಂಬ ಹೆಂಗಸು. “ಬನ್ನಿ ಹಿರಿಯರೇ,” ಎಂದಳು. ಅಲ್ಲಿಗೇ ಅವನ ಮೂಗಿನ ತುದಿಗೆ ಕೋಪ ಬಂತು.

ಅವಳು ಗಾಜಿನ ಕಪಾಟಿನ ಮೇಲೆ ಮೂರು ಡಬ್ಬಗಳನ್ನಿಟ್ಟಳು. ಮೊದಲನೆಯದು ಅಂಗೈಯಗಲದ್ದು, ಕಬ್ಬಿಣದ ಮೈ, ಎರಡೇ ಪೆಡಲು. ಎರಡನೆಯದು ಯಾವುದೋ ಚರ್ಚಿನವರು ಬಳಸಿ ಮಾರಿದ್ದು, ಒಂದು ಗುಂಡಿಯ ಜಾಗದಲ್ಲಿ ಶೀಸೆಯ ಮುಚ್ಚಳ ಅಂಟಿಸಿದ್ದರು. ಮೂರನೆಯದು ಸಾಲಾಗಿ ಎಂಟು ಪೆಡಲಿನದು, ನಡುವೆ ಒಂದು ಪುಟ್ಟ ಟೀವಿ, ಸುತ್ತ ನೀಲಿ ದೀಪಗಳು.

“ನಿಮಗೆ ಈ ಚಿಕ್ಕದೇ ಸಾಕು,” ಎಂದಳು ವಂಗೆಚಿ. “ಕರೆಂಟು ಹೋಗಿ ಬಂದ್ರೆ ಎರಡು ಸೆಕೆಂಡಲ್ಲಿ ಎದ್ದು ಕೂರುತ್ತೆ. ಮೇಲೆ ಬಿಯರ್ ಚೆಲ್ಲಿದ್ರೂ ಸಾಯಲ್ಲ.”

“ಚಿಕ್ಕದೇ ಸಾಕು ಅಂತ ನಿಂಗೆ ಯಾರು ಹೇಳಿದ್ರು?”

“ಒಂದು ಸಂಜೇಲಿ ಎಷ್ಟು ಬಗೆ ದನಿ ಬಳಸ್ತೀರಾ ನೀವು?”

ಸತ್ಯ ಹೇಳಬೇಕೆಂದರೆ, ಒಂದು. ಮೂವತ್ತು ವರ್ಷದಲ್ಲಿ ಒಗಾಡಾ ಬಳಸಿದ್ದು ಒಂದೇ ದನಿ: ಸ್ವಚ್ಛ, ಚೂಪು, ಮಧ್ಯಾಹ್ನದ ಬಿಸಿಲಿನಂಥದ್ದು. ಆದರೆ ‘ಒಂದು’ ಎಂದು ಹೇಳಲು ನಾಚಿಕೆಯಾಯಿತು. ಒಂದೇ ಅಂಗಿ ಇದೆ ಎಂದು ಒಪ್ಪಿಕೊಂಡ ಹಾಗೆ.

“ಬೇಕಾದಷ್ಟು,” ಎಂದ. “ಆ ದೊಡ್ಡದರಲ್ಲಿ ಎಷ್ಟಿವೆ?”

“ಇನ್ನೂರು.”

“ಅದನ್ನ ಕೊಡು.”

ಮಿಗೋಟನ ಡಬ್ಬಕ್ಕೆ ನಾಲ್ಕೇ ಪೆಡಲು ಎಂದು ಅವನು ಕೇಳಿದ್ದ. ಆಯ್ಕೆಯ ಲೆಕ್ಕಾಚಾರವೆಲ್ಲ ಅಷ್ಟೇ. ಮೂವತ್ತು ವರ್ಷ ದುಡಿದ ಕಲಾವಿದ ತನ್ನ ಕಿವಿಯನ್ನು ಮನೆಯಲ್ಲಿ ಬಿಟ್ಟು, ಬೇರೆಯವನ ಪೆಡಲು ಎಣಿಸಿಕೊಂಡು ಅಂಗಡಿಗೆ ಬಂದಿದ್ದ.

ವಂಗೆಚಿ ಡಬ್ಬವನ್ನು ಅಂಗಡಿಯ ಸ್ಪೀಕರಿಗೆ ಜೋಡಿಸಿದಳು. ಮೊದಲನೆಯ ದನಿಯಲ್ಲೇ ಎಕೋ ಇತ್ತು. ಒಂದು ಸ್ವರ ಮೀಟಿದರೆ ಅದು ಮತ್ತೆ ಮತ್ತೆ ತಿರುಗಿ ಬಂದು, ಒಂದರ ಮೇಲೊಂದು ಹತ್ತಿ, ಮೂವರು ಒಗಾಡಾಗಳು ಒಟ್ಟಿಗೆ ನುಡಿಸಿದ ಹಾಗೆ ಕೇಳುತ್ತಿತ್ತು. ಒಬ್ಬನೇ ಹೆಚ್ಚಾಗಿದ್ದಾನೆ ಎನ್ನುವುದು ಅಕುಮುವಿನ ಅಭಿಪ್ರಾಯ, ಆದರೆ ಅವಳು ಅಲ್ಲಿರಲಿಲ್ಲ. ಅವನಿಗೆ ರೋಮಾಂಚನವಾಯಿತು. ಕಣ್ಣು ಮುಚ್ಚಿಕೊಂಡು ನಲವತ್ತು ನಿಮಿಷ ನುಡಿಸಿದ. ಬೀದಿಯಲ್ಲಿ ಹೋಗುತ್ತಿದ್ದವರು ಬಾಗಿಲಲ್ಲಿ ನಿಂತರು, ಮೋಟಾರ್ ಬೈಕಿನವರು ಗಿರಾಕಿ ಬಿಟ್ಟು ಬಂದರು. ಆ ನಲವತ್ತು ನಿಮಿಷದಲ್ಲಿ ಅವನು ಒಂದು ಸಲವೂ ಥಟ್ಟನೆ ನಿಲ್ಲಿಸಿ ನೋಡಲಿಲ್ಲ. ಕೊನೆಗೆ ಕೈ ಎತ್ತಿದಾಗ ಜನ ಚಪ್ಪಾಳೆ ತಟ್ಟಿದರು, ಆ ಸದ್ದಿನಲ್ಲಿ ಡಬ್ಬ ಇನ್ನೂ ಒಬ್ಬಂಟಿಯಾಗಿ ಗುನುಗುತ್ತಿದ್ದದ್ದು ಯಾರಿಗೂ ಕೇಳಿಸಲಿಲ್ಲ.

ಮನೆಗೆ ತಂದಾಗ ಅಕುಮು ಹೊಲಿಗೆ ಯಂತ್ರ ನಿಲ್ಲಿಸಿ ನೋಡಿದಳು.

“ಇದೇನು, ವಿಮಾನ ಓಡಿಸೋ ಕೆಲಸ ಸಿಕ್ತಾ?”

“ಇನ್ನೂರು ದನಿ ಇದೆ ಇದ್ರಲ್ಲಿ.”

“ಮನೇಲಿ ಒಂದಿದೆ, ಅದನ್ನೇ ತಡ್ಕೊಳ್ಳೋಕೆ ಆಗ್ತಿಲ್ಲ.” ಅವಳು ಪೆಟ್ಟಿಗೆಯೊಳಗಿನ ಪುಸ್ತಕ ಕೈಗೆತ್ತಿಕೊಂಡಳು. “ದಪ್ಪ ಇದೆಯಲ್ಲ. ಅಚೋಲಾಳ ಅಪ್ಪಾ, ನಾನು ಓದಿ ಹೇಳ್ಲಾ? ಹೊಲಿಗೆ ಯಂತ್ರದ ಪುಸ್ತಕ ನಾನೇ ಓದಿ ಕಲ್ತದ್ದು.”

“ನಾನು ಪುಸ್ತಕ ಓದಿ ಗಿಟಾರ್ ಕಲ್ತವನಲ್ಲ.”

“ಪುಸ್ತಕ ಗಿಟಾರಿಂದಲ್ಲ. ಡಬ್ಬದ್ದು.”

“ನೀನು ಸ್ವಲ್ಪ ಬಾಯಿ ಮುಚ್ತೀಯಾ?”

“ಮುಚ್ತೀನಿ. ಮಿಗೋಟ್ ಹತ್ರನಾದ್ರೂ ಕೇಳು. ನಾಲ್ಕು ವರ್ಷದಿಂದ ಒತ್ತಿ ಒತ್ತಿ ಅವನ ಕಾಲಿಗೆ ಅಭ್ಯಾಸ ಆಗಿದೆ.”

“ಅವನ ಹತ್ರ ಕೇಳೋ ಬದಲು ಗಿಟಾರ್ ಒಡೆದು ಒಲೆಗೆ ಹಾಕ್ತೀನಿ!”

ಅಕುಮು ಪುಸ್ತಕವನ್ನು ಯಂತ್ರದ ಕಾಲಡಿಗೆ ಇಟ್ಟಳು. ಬಹಳ ದಿನದಿಂದ ಅದರ ಒಂದು ಕಾಲು ಕುಂಟುತ್ತಿತ್ತು. ಆ ಪುಸ್ತಕದಿಂದ ಆ ಮನೆಗೆ ಆದ ಉಪಕಾರ ಅದೊಂದೇ.

ಎರಡು ವಾರ ಅವನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅಭ್ಯಾಸ ಮಾಡಿದ. ಹಾಡು ಮುಗಿದ ಮೇಲೆ ದನಿ ಮೆಲ್ಲಗೆ ಕರಗಿಹೋಗುವುದು ಅವನಿಗೆ ಬಹಳ ಇಷ್ಟವಾಯಿತು. ಅದು ಕರಗುವವರೆಗೂ ಮುಖವನ್ನು ಮೇಲಕ್ಕೆತ್ತಿ, ಧ್ಯಾನಕ್ಕೆ ಕೂತವನ ಹಾಗೆ ಕಾಯುತ್ತಿದ್ದ. ತಂಡ ಒಬಿಯೆರೊನ ಅಂಗಳದಲ್ಲಿ ಸೇರಿದಾಗ ಡಬ್ಬವನ್ನು ಒಯ್ಯಲಿಲ್ಲ. ಭಾನುವಾರ ಎಲ್ಲರೂ ಒಟ್ಟಿಗೆ ಬಾಯಿ ಬಿಟ್ಟುಕೊಂಡು ನೋಡಲಿ ಎಂದು ಗುಟ್ಟಾಗಿಟ್ಟಿದ್ದ. ಬಾಯಿ ಬಿಟ್ಟುಕೊಂಡು ನೋಡಿದರು, ಅದರಲ್ಲಿ ಸಂಶಯವಿಲ್ಲ.

ಭಾನುವಾರ ಮಧ್ಯಾಹ್ನ ಕೆರೆದಂಡೆ ಹೋಟೆಲಿನಲ್ಲಿ ಕೂರಲು ಜಾಗವಿರಲಿಲ್ಲ. ಕರಿದ ಮೀನಿನ ವಾಸನೆ, ಉಗಾಲಿ ಮುದ್ದೆಯ ಹಬೆ, ನೀರಿನ ಕಡೆಯಿಂದ ಕೊಳೆತ ಜೊಂಡಿನ ಗಾಳಿ. ಅಡೆರಾನ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಮುಂದಿನ ಸಾಲಿನ ಒಂದು ಮೇಜಿನಲ್ಲಿ ಮಿಗೋಟ್ ಮೀನಿನ ತಲೆ ಚೀಪುತ್ತಿದ್ದ. ಅವನ ಕುರ್ಚಿಯ ಕೆಳಗೆ ಗಿಟಾರಿನ ಚೀಲವಿತ್ತು. ಊಟಕ್ಕೆ ಬಂದವನು ಗಿಟಾರ್ ಯಾಕೆ ತಂದ? ಒಗಾಡಾ ಒಬಿಯೆರೊನ ಕಡೆ ನೋಡಿದ. ಒಬಿಯೆರೊ ಮೈಕಿನ ತಂತಿ ಬಿಡಿಸುವುದರಲ್ಲಿ ಮುಳುಗಿಹೋಗಿದ್ದ.

ನುಡಿಸಲು ಶುರು ಮಾಡಿದರು. ಶುರುವಾದದ್ದು ಚೆನ್ನಾಗಿಯೇ. ಮೂವರು ಒಗಾಡಾಗಳು ಸ್ಪೀಕರಿನಿಂದ ಹಾರಿಬಂದರು. ಹೆಂಗಸರು ಮೇಜು ಬಿಟ್ಟೆದ್ದು ಭುಜ ಕುಣಿಸಿದರು. ಬೇಸ್ ನುಡಿಸುವವನು ‘ಎಲ್ಲಿ ಬಚ್ಚಿಟ್ಟಿದ್ದೆ ಇದನ್ನ’ ಎಂಬಂತೆ ಹುಬ್ಬೇರಿಸಿದ. ಒಗಾಡಾ ಮಿಗೋಟನ ಕಡೆ ನೋಡಿ, ಬೇಕೆಂದೇ, ನಕ್ಕ.

ಆಗ ನ್ಯಾಂಡಿಗಾ ಎದ್ದ. ಅವನು ಮೀನು ಸಾಗಿಸುವ ಲಾರಿಗಳ ಒಡೆಯ, ಅಡೆರಾನ ಅಮ್ಮನ ಗಿರಾಕಿಗಳಲ್ಲಿ ಎಲ್ಲರಿಗಿಂತ ದೊಡ್ಡವನು. ಅವನು ಯಾವ ಹೋಟೆಲಿಗೆ ಹೋಗುತ್ತಾನೋ ಹತ್ತು ಮೇಜು ಅವನ ಹಿಂದೆಯೇ ಹೋಗುತ್ತಿದ್ದವು. ಅವನು ಬಲಗೈ ಎತ್ತಿ ಗುಡುಗಿದ: “ನಿಲ್ಲಿಸಿ!”

ತಂಡ ನಿಂತಿತು. ಒಗಾಡಾನ ಬೆರಳುಗಳೂ ನಿಂತವು, ಚಾಕುವಿನಿಂದ ಕೊಯ್ದ ಹಾಗೆ.

ಡಬ್ಬ ನಿಲ್ಲಲಿಲ್ಲ. ಟಿಣಿ ಟಿಣಿ ಟಿಣಿ ಟಿಣಿ.

“ನಾನು ನ್ಯಾಂಡಿಗಾ!” ಎಂದ ನ್ಯಾಂಡಿಗಾ ಮೈಕಿನಲ್ಲಿ.

ಟಿಣಿ ಟಿಣಿ ಟಿಣಿ, ಎಂದಿತು ಡಬ್ಬ.

“ನಾನು ನೀರಿಗಿಳಿದ್ರೆ ಮೀನುಗಳೇ ದಾರಿ ಬಿಡ್ತವೆ!”

ಟಿಣಿ ಟಿಣಿ.

ಹಿಂದಿನ ಮೇಜಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಇನ್ನು ಎರಡು ಕ್ಷಣ ಸುಮ್ಮನಿದ್ದಿದ್ದರೆ ಎಕೋ ತಾನೇ ಸತ್ತುಹೋಗುತ್ತಿತ್ತು. ಆದರೆ ಸುಮ್ಮನಿರುವುದು ಒಗಾಡಾನ ವಂಶದಲ್ಲೇ ಇಲ್ಲ. ಹಾವು ತುಳಿಯುವವನ ಹಾಗೆ ಕೈಗೆ ಸಿಕ್ಕ, ಅಲ್ಲ, ಕಾಲಿಗೆ ಸಿಕ್ಕ ಪೆಡಲನ್ನು ತುಳಿದ. ಅದು ನುಡಿಸಿದ್ದನ್ನು ಹಿಡಿದಿಟ್ಟು ಮತ್ತೆ ಮತ್ತೆ ಹೇಳುವ ಪೆಡಲು. ಕೊನೆಯ ಎಂಟು ಸ್ವರಗಳನ್ನು ಹಿಡಿದುಕೊಂಡು ಡಬ್ಬ ಈಗ ಗಟ್ಟಿಯಾಗಿ, ಕೊನೆಯಿಲ್ಲದ ಹಾಗೆ ಬಡಬಡಿಸತೊಡಗಿತು. ಇನ್ನೊಂದನ್ನು ತುಳಿದ. ಅದೇ ಎಂಟು ಸ್ವರ ಈಗ ಬೆಕ್ಕನ್ನು ಬಾವಿಗೆ ಹಾಕಿದ ಹಾಗೆ ಕೂಗಿದವು. ಮತ್ತೊಂದನ್ನು ತುಳಿದ. ಬೆಕ್ಕಿಗೆ ಮರಿಗಳೂ ಸೇರಿಕೊಂಡವು.

ಅವನು ಬಗ್ಗಿ, ಡಬ್ಬದಿಂದ ಸ್ಪೀಕರಿಗೆ ಹೋಗುವ ತಂತಿಯನ್ನೇ ಕಿತ್ತ. ಸ್ಪೀಕರುಗಳು ‘ಢಬ್’ ಎಂದವು. ನ್ಯಾಂಡಿಗಾನ ಕೈಯಲ್ಲಿದ್ದ ಬಿಯರು ಅಂಗಿಯ ಮೇಲೆ ಚೆಲ್ಲಿತು.

ಮೇಜುಗಳೆಲ್ಲ ಒಗಾಡಾನ ಕಡೆ ತಿರುಗಿದವು. ಒಬ್ಬ ತನ್ನನ್ನು ಹೊಗಳಿಕೊಳ್ಳುವಾಗ ನಡುವೆ ಇನ್ನೊಬ್ಬ ಉತ್ತರ ಕೊಟ್ಟರೆ ಅದು ಸವಾಲು, ಕೊಟ್ಟದ್ದು ಗಿಟಾರಿನಿಂದಾದರೂ ಸರಿ. ಕೊಟ್ಟವನು ಮೈಕಿನ ಮುಂದೆ ಬಂದು ತನ್ನ ಹೆಸರು ಹೇಳಿ ನಿಲ್ಲಬೇಕು. ಕೆರೆಯ ಈ ದಂಡೆಯಲ್ಲಿ ಅದು ಎಲ್ಲರಿಗೂ ಗೊತ್ತಿರುವ ನಿಯಮ.

“ಯಾರಯ್ಯ ಅದು, ನನ್ನ ಮಾತಿಗೆ ಎದುರುತ್ತರ ಕೊಟ್ಟೋನು?” ನ್ಯಾಂಡಿಗಾ ಪಕ್ಕಕ್ಕೆ ಸರಿದು ಮೈಕನ್ನು ತೋರಿಸಿದ. “ಬಾ. ನೀನು ನನಗಿಂತ ದೊಡ್ಡೋನಾದ್ರೆ ಎಲ್ರಿಗೂ ಹೇಳು, ಕೇಳೋಣ.”

ಒಬಿಯೆರೊ ಹಲ್ಲು ಕಚ್ಚಿಕೊಂಡೇ ಪಿಸುಗುಟ್ಟಿದ. “ಕಾಲಿಗೆ ಬೀಳಬೇಡ, ತಂಡದ ಮಾನ ಹೋಗುತ್ತೆ. ದೊಡ್ಡ ಮಾತೂ ಆಡಬೇಡ, ಭಾನುವಾರ ಹೋಗುತ್ತೆ.”

“ಮತ್ತೇನು ಮಾಡ್ಲಿ, ಸಾಯ್ಲಾ?”

“ಅದು ಸಂಜೆ ಮೇಲೆ ನೋಡೋಣ.”

ಒಗಾಡಾ ಮೈಕಿನ ಮುಂದೆ ಬಂದು ನಿಂತ. ಎದೆಯ ತುಂಬ ಸಿಟ್ಟಿತ್ತು, ಆದರೆ ಯಾರ ಮೇಲೆ ಬಿಡುವುದು? ನ್ಯಾಂಡಿಗಾನ ಮೇಲೆ ಬಿಡುವ ಹಾಗಿಲ್ಲ. ವಂಗೆಚಿ ಚಿಕ್ಕದೇ ಸಾಕು ಎಂದಿದ್ದಳು. ಅಕುಮು ಓದುತ್ತೇನೆ ಎಂದಿದ್ದಳು. ಡಬ್ಬದವರು ಪುಸ್ತಕ ಕೊಟ್ಟಿದ್ದರು. ಸುತ್ತ ನೋಡಿದರೆ ಬೈಯಲು ಉಳಿದವನು ಒಬ್ಬನೇ. ಅವನನ್ನೇ ಬೈಯಲು ಶುರು ಮಾಡಿದ, ಹೊಗಳುವ ದನಿಯಲ್ಲಿ, ಎದೆಯುಬ್ಬಿಸಿ.

“ನಾನು ಒಗಾಡಾ! ಅಸೆಂಬೊ ಶಾಲೇಲಿ ಆರನೇ ಕ್ಲಾಸನ್ನ ಎರಡು ವರ್ಷ ಬಿಡದೆ ಆಳ್ದೋನು! ನಾನು ಒಗಾಡಾ! ಒಂದೇ ದನಿ ಗೊತ್ತಿದ್ದು ಇನ್ನೂರು ದನಿ ಕೊಂಡ ಶೂರ! ಎಂಟು ಪೆಡಲಿನ ಡಬ್ಬಕ್ಕೆ ಎರಡೇ ಕಾಲು ತಂದ ವೀರ!”

ಎಲ್ಲೋ ಒಂದು ಹೆಂಗಸಿನ ನಗು ಒಡೆಯಿತು.

“ಹೆಂಡತಿ ಪುಸ್ತಕ ಓದ್ತೀನಿ ಅಂದಾಗ ಬಾಯಿ ಮುಚ್ಚು ಅಂದ ಗಂಡು ನಾನು! ಅವಳು ಮುಚ್ಚಿದ್ಲು. ಡಬ್ಬ ಮುಚ್ಚಲಿಲ್ಲ! ನ್ಯಾಂಡಿಗಾ ಯಜಮಾನ್ರು ನೀರಿಗಿಳಿದ್ರೆ ಮೀನು ದಾರಿ ಬಿಡ್ತವೆ. ನಾನಿಳಿದ್ರೆ ಕಪ್ಪೆಗಳೂ ಗಿಟಾರ್ ಹೇಗೆ ನಿಲ್ಲಿಸೋದು ಅಂತ ಹೇಳಿಕೊಡೋಕೆ ಬರ್ತವೆ! ದಾರಿ ಬಿಡಿ, ದಾರಿ ಬಿಡಿ! ಇಡೀ ಕಿಸುಮುವಿನ ದೊಡ್ಡ ಕತ್ತೆ ಬರ್ತಾ ಇದೆ, ಅದರ ಬಾಲಕ್ಕೆ ನೀಲಿ ದೀಪ ಇದೆ!”

ಮೇಜುಗಳು ಕುಣಿದವು. ನ್ಯಾಂಡಿಗಾ ಒದ್ದೆ ಅಂಗಿ ಹಿಡಿದುಕೊಂಡು, ಹೊಟ್ಟೆ ಕುಲುಕಿಸಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. “ಸರಿ ಸರಿ, ಒಪ್ಪಿದೆ! ಇವನು ನನಗಿಂತ ದೊಡ್ಡೋನೇ! ನುಡಿಸು ಕತ್ತೇ!”

ನುಡಿಸು ಎಂದ ಮೇಲೆ ಗಿಟಾರು ಜಿಗಿಯಬೇಕು. ಒಗಾಡಾ ಗಿಟಾರಿನಿಂದ ಬರುವ ತಂತಿಯನ್ನು ನೇರ ಮಿಕ್ಸರಿಗೇ ಸಿಕ್ಕಿಸಿ ಮೀಟಿದ. ಡಬ್ಬದ ಸಹವಾಸ ಬೇಡ, ನನ್ನ ಕೈ ಸಾಕು ಎಂಬ ಒಂದು ವೀರಾವೇಶ ಅವನ ಮನಸ್ಸಿನಲ್ಲಿ ಆ ಹೊತ್ತಿಗೂ ಉಳಿದಿತ್ತು. ಕೇಳಿಸಿದ್ದು ತಗಡಿನ ಡಬ್ಬಿಯೊಳಗಿನ ಜಿರಲೆ. ಒಬಿಯೆರೊ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಕುಣಿಯಲು ಎದ್ದವರು ಅರ್ಧದಲ್ಲೇ ನಿಂತರು. ಅಡೆರಾನ ಅಮ್ಮ ಮೂಗು ಮುರಿದಳು. ಒಬಿಯೆರೊ ಮಿಗೋಟನ ಕಡೆ ನೋಡಿ ಬಾ ಎಂಬಂತೆ ತಲೆ ಆಡಿಸಿದ.

ಮಿಗೋಟ್ ಕೈ ಒರೆಸಿಕೊಂಡು ಎದ್ದ. ಆಯಿತು, ಎಂದುಕೊಂಡ ಒಗಾಡಾ. ಮೂವತ್ತು ವರ್ಷ ಎಂಟು ಸ್ವರದಲ್ಲಿ ಮುಗಿಯಿತು.

ಮಿಗೋಟ್ ಚೀಲವನ್ನು ಕುರ್ಚಿಯ ಕೆಳಗೇ ಬಿಟ್ಟು ಬರಿಗೈಯಲ್ಲಿ ಬಂದ. ಬಿಳಿ ಬೂಟು ಮಡಚಿಕೊಂಡು, ಇನ್ನೂರು ಜನರೆದುರಿಗೆ ಒಗಾಡಾನ ಕಾಲ ಬಳಿ ಮಂಡಿಯೂರಿ ಕೂತ. ತಂತಿಗಳನ್ನು ಮತ್ತೆ ಡಬ್ಬಕ್ಕೆ ಸಿಕ್ಕಿಸಿದ, ಪುಟ್ಟ ಟೀವಿಯಲ್ಲಿ ಏನನ್ನೋ ಹುಡುಕಿದ, ಒಂದು ಗುಂಡಿ ಒತ್ತಿದ. ಒಂದೇ ಒಂದು ಗುಂಡಿ.

“ಎಕೋ ಹೋಯ್ತು. ಈಗ ಬರಿ ಆಂಪಿನ ದನಿ,” ಎಂದ. “ಮೊದಲನೇ ಪೆಡಲ್ ಒಂದೇ ನಿಂದು. ಉಳಿದ ಏಳರ ಹತ್ರ ಕಾಲು ತಂದ್ಯೋ, ಮುರಿದು ಕೈಗೆ ಕೊಡ್ತೀನಿ.”

ಒಗಾಡಾ ನುಡಿಸಿದ. ಸ್ವಚ್ಛ, ಚೂಪು, ಬಿಸಿಲಿನಂಥ ದನಿ. ಇಪ್ಪತ್ತೆರಡು ವರ್ಷದ ಪೆಟ್ಟಿಗೆಗಿಂತ ಒಂದು ಕೈ ಮೇಲೇ ಇತ್ತು ಎಂದು ಒಪ್ಪಿಕೊಳ್ಳಬೇಕಾಯಿತು. ಸಾಯಂಕಾಲದೊಳಗೆ ಹದಿಮೂರು ಜನ ಕೈ ಎತ್ತಿದರು. ಹದಿಮೂರು ಸಲವೂ ಅವನು ಕೊಯ್ದು ನಿಲ್ಲಿಸಿದ. ಪ್ರತಿ ಸಲ ಡಬ್ಬ ಏನನ್ನುತ್ತದೋ ಎಂದು ಜನ ಕಿವಿಗೊಟ್ಟು ಕಾದರು. ಅದು ಏನೂ ಅನ್ನದಿದ್ದಾಗ ಕೆಲವರಿಗೆ ನಿರಾಸೆಯೂ ಆಯಿತು.

ಹೊತ್ತು ಇಳಿಯುವಾಗ ಅಡೆರಾನ ಅಮ್ಮ ಬಂದು ಒಬಿಯೆರೊನ ಎದುರು ನಿಂತಳು. “ಭಾನುವಾರಗಳು ನಿಮ್ಮವು.”

“ಗಿಟಾರಿಗೆ ಇವನೇ ಇರ್ಲಾ ಅಕ್ಕ?”

“ಆ ತನ್ನನ್ನ ತಾನೇ ಬೈಕೊಳ್ಳೋನಾ? ಇರ್ಲೇಬೇಕು. ನ್ಯಾಂಡಿಗಾ ಯಜಮಾನ್ರು ಅವನನ್ನ ನೋಡೋಕೇ ಮುಂದಿನ ವಾರ ಮೂರು ಮೇಜು ಇಟ್ಟಿರೋಕೆ ಹೇಳಿದ್ದಾರೆ.” ಹೋಗುತ್ತ ತಿರುಗಿ ನೋಡಿದಳು. “ಗಿಟಾರೂ ಪರವಾಗಿಲ್ಲ.”

ಮೂವತ್ತು ವರ್ಷದ ವಿದ್ಯೆಗೆ ಸಿಕ್ಕ ಪ್ರಶಸ್ತಿ: ಪರವಾಗಿಲ್ಲ. ಜಾಗ ಉಳಿಯಿತು, ಉಳಿಸಿದ್ದು ಬೆರಳಲ್ಲ, ಬಾಯಿ. ಒಗಾಡಾ ಡಬ್ಬವನ್ನು ಕಂಕುಳಲ್ಲಿಟ್ಟುಕೊಂಡು ಮಿಗೋಟನ ಮೇಜಿಗೆ ನಡೆದ. ಥ್ಯಾಂಕ್ಸ್ ಹೇಳಬೇಕು ಎಂದೇ ಹೊರಟಿದ್ದ. ದಾರಿಯಲ್ಲಿ ಅದು ಏನಾಯಿತೋ.

“ಗೊತ್ತಿದ್ದೂ ಅಷ್ಟು ಹೊತ್ತು ಮೀನು ತಿಂತಾ ಕೂತಿದ್ದೆಯಲ್ಲ, ನಾಚಿಕೆ ಆಗ್ಬೇಕು ನಿಂಗೆ!”

“ಮೀನು ಚೆನ್ನಾಗಿತ್ತು,” ಎಂದ ಮಿಗೋಟ್. “ನನ್ನ ಡಬ್ಬ ಮೊದಲನೇ ಸಲ ಹೀಗೆ ಬಾಯಿ ಬಿಟ್ಟದ್ದು ಒಂದು ಸಾವಿನ ಮನೇಲಿ. ಬಿಷಪ್ಪು ಪ್ರಾರ್ಥನೆ ಮಾಡ್ತಿದ್ರು. ಅವರು ಆಮೆನ್ ಅಂದ ಮೇಲೂ ನಂದು ಮುಗಿದಿರಲಿಲ್ಲ.”

“ನನ್ನ ಜಾಗಕ್ಕೆ ಅಂತ ಬಂದೋನು ನೀನು. ಸುಮ್ನೆ ಕೂತಿದ್ರೆ ಸಿಕ್ತಿತ್ತು.”

“ಬಂದಿದ್ದು ನಿಜ. ನಿನಗಿಂತ ಚೆನ್ನಾಗಿ ನುಡಿಸಿ ತಗೋಬೇಕು ಅಂತ ಬಂದಿದ್ದೆ. ಡಬ್ಬ ಕಿತ್ತುಕೊಟ್ಟ ಜಾಗ ನನಗ್ಯಾಕೆ?”

“ಹಾಗಿದ್ರೆ ಮೊದಲೇ ಹೇಳ್ಬಾರ್ದಿತ್ತಾ, ಅದನ್ನ ತಗೋವಾಗ ನಿಲ್ಲಿಸಿ ನೋಡು ಅಂತ?”

“ನೀನು ಕೇಳಿದ್ಯಾ?”

ಒಗಾಡಾ ಕುರ್ಚಿ ಎಳೆದು ಕೂತ, ಡಬ್ಬವನ್ನು ಮೀನಿನ ಮುಳ್ಳುಗಳ ಪಕ್ಕಕ್ಕಿಟ್ಟ.

“ಬುಧವಾರ ನಮ್ಮನೆಗೆ ಬಾ. ಉಳಿದ ಏಳು ಪೆಡಲು ಏನು ಮಾಡ್ತವೆ ಅಂತ ತೋರಿಸು.”

“ಇದು ಕೇಳೋ ರೀತಿನಾ? ಪೊಲೀಸ್ನೋರು ಕರೆದ ಹಾಗಿದೆ.”

“ಬುಧವಾರ ಬಿಡುವಾಗಿದ್ರೆ ಬಾ ಅಂದೆ, ಕಿವಿ ಕೇಳ್ಸಲ್ವಾ?”

“ಸ್ವಲ್ಪ ಪರವಾಗಿಲ್ಲ. ಇನ್ನೊಂದು ಸಲ.”

ಒಗಾಡಾ ಕೆರೆಯ ಕಡೆ ಮುಖ ತಿರುಗಿಸಿದ. ಈ ಮಾತನ್ನು ಹೇಳುವಾಗ ಬಿಳಿ ಬೂಟು ಕಣ್ಣಿಗೆ ಬೀಳಬಾರದು ಎಂದು. ಮೂರನೆಯ ಸಲ ಆ ಕೋರಿಕೆ ಹೆಚ್ಚು ಕಡಿಮೆ ಸರಿಯಾಗಿ ಬಂತು.